ಇಂಚಿನ ಲೆಕ್ಕ, ನೀರಿನ ಲೆಕ್ಕ: ಏರುಪೇರಿನ ಚಳಿಗಾಲದಲ್ಲಿ ಸ್ಕೀ ತಾಣಗಳ ಹಿಮವನ್ನು ಹೋಲಿಸುವುದು

ಸಭಿಕರೆಲ್ಲರಿಗೂ ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗುರುವಾರ ರಾತ್ರಿಯ ಊಟದ ಹೊತ್ತಿಗೆ ಒಂದು ಚರ್ಚೆ ನಡೆಯುತ್ತದೆ: ಈ ವಾರ ಸಿಯೆರಾ ಪರ್ವತಗಳಲ್ಲಿರುವ ಟಾಹೋ ಸರೋವರದ ಕಡೆ ಸ್ಕೀ ಮಾಡಲು, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿ ಹಿಮದ ಇಳಿಜಾರಿನಲ್ಲಿ ಜಾರಲು, ಹೋದರೆ ಒಳ್ಳೆಯ ಹಿಮ ಸಿಗುತ್ತದೆಯೇ, ಸಿಗುವುದಾದರೆ ಯಾವ ತಾಣದಲ್ಲಿ? ಚರ್ಚೆ ಮುಗಿಯುವುದು ಸಾಮಾನ್ಯವಾಗಿ ಫೋನಿನಲ್ಲಿ ಕಾಣುವ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ. ಒಂದು ಕಡೆ ನಲವತ್ತು ಇಂಚು, ಇನ್ನೊಂದು ಕಡೆ ಅರವತ್ತು. ಅರವತ್ತರ ಕಡೆಗೆ ಕಾರು ಹೊರಡುತ್ತದೆ. ಎಲ್ಲೆಡೆಯೂ ಚೆನ್ನಾಗಿ ಹಿಮ ಬಿದ್ದ ವರ್ಷದಲ್ಲಿ ಈ ವಿಧಾನದಿಂದ ದೊಡ್ಡ ನಷ್ಟವೇನೂ ಆಗುವುದಿಲ್ಲ. ಆದರೆ ಒಂದೆಡೆ ಸುರಿದು ಇನ್ನೊಂದೆಡೆ ಕೈಕೊಟ್ಟ ವರ್ಷದಲ್ಲಿ ಆ ಎರಡು ಸಂಖ್ಯೆಗಳು ಒಂದೇ ವಸ್ತುವನ್ನು ಅಳೆದಿರುವುದೇ ಅನುಮಾನ. ಇಂದಿನ ನನ್ನ ಮಾತು ಈ ಅನುಮಾನದ ಕುರಿತು.

ಉದಾಹರಣೆಗೆ 2014-15ರ ಚಳಿಗಾಲವನ್ನು ತೆಗೆದುಕೊಳ್ಳೋಣ. ಆ ವರ್ಷ ಅಮೆರಿಕದ ಪೂರ್ವ ಕರಾವಳಿಯ ಬಾಸ್ಟನ್ ನಗರದಲ್ಲಿ ಒಟ್ಟು 110.6 ಇಂಚು ಹಿಮ ಬಿತ್ತು, ಅದರಲ್ಲಿ 64.8 ಇಂಚು ಫೆಬ್ರವರಿ ಒಂದೇ ತಿಂಗಳಲ್ಲಿ. ಬೀದಿಗಳಿಂದ ಎತ್ತಿ ಒಂದೆಡೆ ಸುರಿದ ಹಿಮದ ಗುಡ್ಡ ಪೂರ್ತಿ ಕರಗಿದ್ದು ಜುಲೈ ಮಧ್ಯದಲ್ಲಿ. ಅದೇ ಚಳಿಗಾಲ ಕ್ಯಾಲಿಫೋರ್ನಿಯದಲ್ಲಿ ಅಲ್ಲಿಯವರೆಗೆ ದಾಖಲಾದವುಗಳಲ್ಲೇ ಅತ್ಯಂತ ಬೆಚ್ಚಗಿನದಾಗಿತ್ತು. ಟಾಹೋದ ದಕ್ಷಿಣಕ್ಕೆ, 50ನೇ ಹೆದ್ದಾರಿಯ ಪಕ್ಕದಲ್ಲಿ, ಸುಮಾರು 6,800 ಅಡಿ ಎತ್ತರದಲ್ಲಿ ಫಿಲಿಪ್ಸ್ ಎಂಬ ಹೆಸರಿನ ಒಂದು ಹುಲ್ಲುಗಾವಲಿದೆ. ಅಲ್ಲಿ 1941ರಿಂದಲೂ ಏಪ್ರಿಲ್ ಆರಂಭದಲ್ಲಿ ಹಿಮವನ್ನು ಅಳೆಯುತ್ತ ಬಂದಿದ್ದಾರೆ. 2015ರ ಏಪ್ರಿಲ್ 1ರಂದು ಅಳೆಯುವವರು ಹೋದಾಗ ಅಳೆಯಲು ಏನೂ ಇರಲಿಲ್ಲ. ಅಂದಿನ ಗವರ್ನರ್ ಜೆರ್ರಿ ಬ್ರೌನ್ ಒಣ ಹುಲ್ಲಿನ ಮೇಲೆ ನಿಂತು ರಾಜ್ಯದಲ್ಲಿ ನೀರಿನ ಬಳಕೆಗೆ ಕಡ್ಡಾಯ ಮಿತಿಯನ್ನು ಘೋಷಿಸಿದರು. ಇಡೀ ರಾಜ್ಯದ ಹಿಮರಾಶಿಯಲ್ಲಿದ್ದ ನೀರು ಆ ದಿನದ ವಾಡಿಕೆಯ ಶೇಕಡ 5 ಮಾತ್ರ. ಅದಕ್ಕೆ ಹಿಂದಿನ ಕನಿಷ್ಠ ದಾಖಲೆ ಶೇಕಡ 25.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ವರ್ಷ ಸಿಯೆರಾ ಪರ್ವತಗಳಿಗೆ ಮೋಡಗಳು ಬರಲೇ ಇಲ್ಲವೆಂದಲ್ಲ. ಮಳೆ ವಾಡಿಕೆಗಿಂತ ಕಡಿಮೆಯಾಗಿತ್ತು, ನಿಜ. ಆದರೆ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿರಲಿಲ್ಲ. ಡಿಸೆಂಬರ್ ಮತ್ತು ಫೆಬ್ರವರಿಯಲ್ಲಿ ಬಂದ ದೊಡ್ಡ ಮಾರುತಗಳು ಬೆಚ್ಚಗಿದ್ದವು, ಹಿಮವಾಗಿ ಬೀಳಬೇಕಾದದ್ದು ನೀರಾಗಿಯೇ ಬಿದ್ದು ಹರಿದುಹೋಯಿತು. ಉತ್ತರದ ವಾಷಿಂಗ್ಟನ್ ರಾಜ್ಯದಲ್ಲಂತೂ ಒಟ್ಟು ಮಳೆ ವಾಡಿಕೆಯ ಹತ್ತಿರವೇ ಇತ್ತು. ಆದರೂ ಬೆಟ್ಟದಲ್ಲಿ ಹಿಮ ನಿಲ್ಲದ ಕಾರಣ 2015ರ ಮೇ ತಿಂಗಳಲ್ಲಿ ಅಲ್ಲಿ ರಾಜ್ಯವ್ಯಾಪಿ ಬರ ಘೋಷಿಸಬೇಕಾಯಿತು. ಮಳೆ ಬಂದೂ ಬರ ಬಂದ ಈ ವಿಚಿತ್ರವನ್ನು ಅರಿಯದೆ ಸ್ಕೀ ತಾಣಗಳ ಹೋಲಿಕೆ ಸಾಧ್ಯವಿಲ್ಲ.

ಏಕೆಂದರೆ ಅಂಥ ಚಳಿಗಾಲದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಎತ್ತರ. ಟಾಹೋದ ಪಶ್ಚಿಮ ದಡದ ಹೋಮ್‌ವುಡ್ ತಾಣದ ಬುಡ ಸರೋವರದ ಅಂಚಿನಲ್ಲೇ ಇದೆ, ಸುಮಾರು 6,230 ಅಡಿ. ಈಶಾನ್ಯದ ಮೌಂಟ್ ರೋಸ್ ತಾಣದ ಬುಡ 8,260 ಅಡಿ. ಎರಡೂ ಒಂದೇ ಸರೋವರದ ಸುತ್ತಲಿನವು. ಸಾವಿರ ಅಡಿ ಏರಿದರೆ ಗಾಳಿ ಸರಾಸರಿ ಎರಡು ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ ಎಂಬ ಲೆಕ್ಕದಲ್ಲಿ ಇವೆರಡರ ನಡುವೆ ನಾಲ್ಕು ಡಿಗ್ರಿ ಅಂತರ. ಚಳಿ ಕೊರೆಯುವ ವರ್ಷದಲ್ಲಿ ಮೈನಸ್ ಎರಡಾದರೂ ಹಿಮವೇ, ಮೈನಸ್ ಆರಾದರೂ ಹಿಮವೇ. ಪೆಸಿಫಿಕ್ ಕಡೆಯಿಂದ ತೇವ ಹೊತ್ತು ಬರುವ ಮಾರುತಕ್ಕೆ ನೇರವಾಗಿ ಮುಖವೊಡ್ಡುವ ಪಶ್ಚಿಮದ ತಾಣಕ್ಕೆ ಆಗ ಹೆಚ್ಚು ಬೀಳುವುದೂ ಉಂಟು. ಬೆಚ್ಚಗಿನ ವರ್ಷದಲ್ಲಿ ಅದೇ ನಾಲ್ಕು ಡಿಗ್ರಿ ಒಂದೆಡೆ ಮಳೆ, ಇನ್ನೊಂದೆಡೆ ಹಿಮ ಎಂದು ಗೆರೆ ಎಳೆದುಬಿಡುತ್ತದೆ. ಹೀಗಾಗಿ ಹಿಂದಿನ ವರ್ಷ ಯಾವ ತಾಣ ಚೆನ್ನಾಗಿತ್ತು ಎಂಬ ನೆನಪು ಈ ವರ್ಷದ ಆಯ್ಕೆಗೆ ಅಷ್ಟಾಗಿ ನೆರವಾಗುವುದಿಲ್ಲ.

ಇನ್ನು ಇಂಚು ಎಂದರೆ ಏನು ಎಂಬ ಪ್ರಶ್ನೆಗೆ ಬರೋಣ. ಹೊಸ ಹಿಮವನ್ನು ಒಂದು ಬಿಳಿ ಹಲಗೆಯ ಮೇಲೆ ಬೀಳಲು ಬಿಟ್ಟು, ಅಳೆದು, ಹಲಗೆಯನ್ನು ಗುಡಿಸಿ ಮತ್ತೆ ಇಡುತ್ತಾರೆ. ಹಿಮ ತನ್ನ ಭಾರಕ್ಕೇ ಕುಸಿಯುವ ವಸ್ತು. ಆದ್ದರಿಂದ ದಿನಕ್ಕೊಮ್ಮೆ ಅಳೆದವನಿಗಿಂತ ಗಂಟೆಗೊಮ್ಮೆ ಅಳೆದು ಕೂಡಿಸಿದವನ ಮೊತ್ತ ದೊಡ್ಡದಾಗುತ್ತದೆ; ಒಂದು ಚೂರೂ ಹೆಚ್ಚು ಬೀಳದೆಯೇ! ಆರು ಗಂಟೆಗೊಮ್ಮೆಗಿಂತ ಹೆಚ್ಚು ಸಲ ಹಲಗೆ ಗುಡಿಸಬಾರದು ಎಂಬುದು ಅಮೆರಿಕದ ಹವಾಮಾನ ಸೇವೆಯ ನಿಯಮ. ಹಲಗೆಯನ್ನು ಎಲ್ಲಿ ಇಟ್ಟಿದ್ದಾರೆ ಎಂಬುದೂ ಮುಖ್ಯ. ಪ್ಯಾಲಿಸೇಡ್ಸ್ ಟಾಹೋದಂಥ ತಾಣಗಳು ಬುಡದ ಅಳತೆ, ಮೇಲ್ಭಾಗದ ಅಳತೆ ಎಂದು ಎರಡನ್ನು ಬೇರೆಬೇರೆಯಾಗಿ ಕೊಡುತ್ತವೆ. ಒಂದರ ಮೇಲ್ಭಾಗವನ್ನು ಇನ್ನೊಂದರ ಬುಡದೊಂದಿಗೆ ಹೋಲಿಸಿ ಮೋಸ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ, ನಾನೂ ಅವರಲ್ಲೊಬ್ಬನಾಗಿದ್ದೆ.

ನಮ್ಮ ಬಯಲುಸೀಮೆಯ ರೈತರು ಮಳೆಯನ್ನು ಕುರಿತು ಮಾತಾಡುವಾಗ ಎಷ್ಟು ಇಂಚು ಬಂತು ಎನ್ನುವುದಕ್ಕಿಂತ ಹದ ಮಳೆ ಆಯಿತೇ ಎಂದು ಕೇಳುತ್ತಾರೆ. ನೆಲದೊಳಕ್ಕೆ ಎಷ್ಟು ಇಳಿಯಿತು, ಬಿತ್ತನೆಗೆ ಸಾಕಾಗುವುದೇ ಎಂಬುದು ಅವರ ಅಳತೆ. ಹಿಮಕ್ಕೂ ಅಂಥದೊಂದು ಹದದ ಲೆಕ್ಕ ಇದೆ: ಬಿದ್ದ ಹಿಮವೆಲ್ಲ ಕರಗಿದರೆ ಎಷ್ಟು ಇಂಚು ನೀರಾಗುತ್ತದೆ ಎಂಬುದು. ಅದನ್ನು ಕಟ್ಟಿಕೊಟ್ಟವರು, ಅಚ್ಚರಿಯೆಂದರೆ, ಒಬ್ಬ ಲ್ಯಾಟಿನ್ ಮೇಷ್ಟ್ರು. ರೀನೋದ ನೆವಾಡ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಸಾಹಿತ್ಯ ಕಲಿಸುತ್ತಿದ್ದ ಜೇಮ್ಸ್ ಎಡ್ವರ್ಡ್ ಚರ್ಚ್ ಅವರಿಗೆ ಚಳಿಗಾಲದಲ್ಲಿ ಬೆಟ್ಟ ಹತ್ತುವ ಹುಚ್ಚು. 1905ರಲ್ಲಿ ಅವರು ಹತ್ತು ಸಾವಿರ ಅಡಿ ಮೀರಿದ ಮೌಂಟ್ ರೋಸ್ ಶಿಖರದಲ್ಲಿ ಹವಾಮಾನ ವೀಕ್ಷಣಾಲಯವೊಂದನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಟಾಹೋದ ನೀರಿನ ಮಟ್ಟದ ಬಗ್ಗೆ ಜಗಳವಿತ್ತು. ದಡದ ಆಸ್ತಿ ಮುಳುಗದಿರಲಿ ಎನ್ನುವವರು ಒಂದು ಕಡೆ, ಕೆಳಗಿನ ಹೊಲಗಳಿಗೂ ವಿದ್ಯುತ್ತಿಗೂ ನೀರು ಬೇಕು ಎನ್ನುವವರು ಇನ್ನೊಂದು ಕಡೆ. ವಸಂತದಲ್ಲಿ ಸರೋವರ ಎಷ್ಟು ಏರುತ್ತದೆ ಎಂದು ಮೊದಲೇ ತಿಳಿದರೆ ಜಗಳಕ್ಕೆ ದಾರಿ ಸಿಗುತ್ತಿತ್ತು. ಚರ್ಚ್ ತುದಿಯಲ್ಲಿ ಗರಗಸದ ಹಲ್ಲುಗಳಿದ್ದ ಉದ್ದನೆಯ ಕೊಳವೆಯೊಂದನ್ನು ಮಾಡಿ, ಅದನ್ನು ಹಿಮದೊಳಕ್ಕೆ ನೆಲ ಮುಟ್ಟುವವರೆಗೆ ತಿರುಗಿಸಿ ಇಳಿಸಿ, ಹಿಮದ ಸಮೇತ ತೂಗಿದರು. ಆ ಸಾಧನದ ಇಂದಿನ ರೂಪದಲ್ಲಿ ಕೊಳವೆಯ ಬಾಯಿಯ ವ್ಯಾಸ 1.485 ಇಂಚು. ಈ ವಿಚಿತ್ರ ಅಳತೆಗೆ ಕಾರಣವಿದೆ: ಅಷ್ಟು ಅಗಲದ ಕೊಳವೆಯಲ್ಲಿ ಒಂದು ಇಂಚು ನೀರು ಸರಿಯಾಗಿ ಒಂದು ಔನ್ಸ್ ತೂಗುತ್ತದೆ. ತಕ್ಕಡಿಯ ಮುಳ್ಳೇ ನೀರಿನ ಆಳವನ್ನು ಹೇಳಿಬಿಡುತ್ತದೆ. ಇಷ್ಟು ಅಂದವಾದ ಉಪಾಯವನ್ನು ನಾನು ಹೆಚ್ಚು ಕಂಡಿಲ್ಲ.

ಈ ಲೆಕ್ಕ ಹಿಡಿದರೆ ಹೋಲಿಕೆಯ ಚಿತ್ರವೇ ಬದಲಾಗುತ್ತದೆ. ಯೂಟಾ ರಾಜ್ಯದ ಆಲ್ಟಾದಲ್ಲಿ ಬೀಳುವ ಹೊಸ ಹಿಮದಲ್ಲಿ ಸರಾಸರಿ ಸುಮಾರು ಶೇಕಡ 8 ನೀರಿರುತ್ತದೆ. ಸಿಯೆರಾದಲ್ಲಿ ಸುಮಾರು ಶೇಕಡ 12. ಆಲ್ಟಾದ ಹತ್ತು ಇಂಚು ಕಾಲಿಗೆ ತಾಗಿದ್ದೇ ಗೊತ್ತಾಗದ ಹತ್ತಿ. ಸಿಯೆರಾದ ಹತ್ತು ಇಂಚನ್ನು ಅಲ್ಲಿನವರೇ ಸಿಮೆಂಟ್ ಎಂದು ಬೈಯುತ್ತಾರೆ. ಆದರೆ ಕಲ್ಲು, ಪೊದೆ, ಬಿದ್ದ ಮರಗಳನ್ನು ಮುಚ್ಚಿ ಇಳಿಜಾರನ್ನು ಬೇಗ ತೆರೆಯಲು ಬೇಕಾಗುವುದು ಆ ಸಿಮೆಂಟೇ. ಋತುವಿನ ಆರಂಭದ ಒಂದು ಅಡಿ ಹಗುರ ಹಿಮ ನೋಡಲು ಚೆಂದ. ಅದರಡಿಯ ಬಂಡೆಗೆ ಸ್ಕೀಯ ತಳ ಉಜ್ಜಿದಾಗ ಬರುವ ಸದ್ದನ್ನು ಕೇಳಿದವರು ಮರೆಯುವುದಿಲ್ಲ.

ತಾಣಗಳೇ ಹೇಳಿಕೊಳ್ಳುವ ಸಂಖ್ಯೆಗಳ ಬಗ್ಗೆ ಒಂದು ಮಾತು. ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಝಿನ್ಮನ್ ಮತ್ತು ಎರಿಕ್ ಝಿಟ್ಜೆವಿಟ್ಜ್ ಸ್ಕೀ ತಾಣಗಳ ವರದಿಗಳನ್ನು ಸರ್ಕಾರಿ ಹವಾಮಾನ ದತ್ತಾಂಶದೊಂದಿಗೆ ಹೋಲಿಸಿ ನೋಡಿದಾಗ, ವಾರಾಂತ್ಯದ ದಿನಗಳಲ್ಲಿ ತಾಣಗಳು ಶೇಕಡ 23ರಷ್ಟು ಹೆಚ್ಚು ಹೊಸ ಹಿಮವನ್ನು ವರದಿ ಮಾಡುತ್ತಿದ್ದುದು ಕಂಡುಬಂತು. ಶನಿವಾರ ಭಾನುವಾರಗಳ ಮೇಲೆ ಮೋಡಗಳಿಗೇನೂ ವಿಶೇಷ ಪ್ರೀತಿಯಿಲ್ಲವಾದ್ದರಿಂದ ಕಾರಣ ಊಹಿಸುವುದು ಕಷ್ಟವಲ್ಲ. ಬೆಟ್ಟದಲ್ಲಿದ್ದವರೇ ಫೋನಿನಿಂದ ಆಗಿಂದಾಗ್ಗೆ ನಿಜಸ್ಥಿತಿ ತಿಳಿಸುವ ಸೌಲಭ್ಯ ಬಂದ ಮೇಲೆ ಈ ಉತ್ಪ್ರೇಕ್ಷೆ ತಗ್ಗಿತು ಎಂದೂ ಅವರು ತೋರಿಸಿದರು. ನಾನಾದರೋ ಸರ್ಕಾರದ ಸ್ನೋಟೆಲ್ ಕೇಂದ್ರಗಳನ್ನೇ ಮೊದಲು ನೋಡುತ್ತೇನೆ. ದ್ರವ ತುಂಬಿದ ದೊಡ್ಡ ದಿಂಬಿನ ಮೇಲೆ ಬಿದ್ದ ಹಿಮದ ಭಾರವನ್ನು ಅವು ತಾವಾಗಿಯೇ ಅಳೆದು ಕಳಿಸುತ್ತವೆ. ಅವಕ್ಕೆ ಟಿಕೆಟ್ ಮಾರಬೇಕಾದ ಅಗತ್ಯವಿಲ್ಲ. ಅಲ್ಲಿಯೂ ವಾಡಿಕೆಯ ಶೇಕಡ ಇಷ್ಟು ಎಂಬ ಅಂಕಿಯನ್ನು ನವೆಂಬರ್‌ನಲ್ಲಿ ನಂಬಬಾರದು. ವಾಡಿಕೆಯೇ ಒಂದು ಇಂಚು ನೀರಾಗಿದ್ದಾಗ ಒಂದು ರಾತ್ರಿಯ ಹಿಮ ಅದನ್ನು ಶೇಕಡ 200 ಮಾಡಬಲ್ಲದು.

ಹಿಮ ಬೀಳದಿದ್ದರೆ ಯಂತ್ರವಿದೆಯಲ್ಲ ಎನ್ನಬಹುದು. ಯಂತ್ರಕ್ಕೂ ಹವೆ ಒಲಿಯಬೇಕು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ಬಳ್ಳಾರಿಯಲ್ಲಿ ತಣ್ಣಗಾಗುವಷ್ಟು ಮಂಗಳೂರಿನಲ್ಲಿ ಆಗುವುದಿಲ್ಲ. ಒಣ ಗಾಳಿಯಲ್ಲಿ ನೀರು ಆವಿಯಾಗಿ ಶಾಖವನ್ನು ಒಯ್ಯುತ್ತದೆ, ತೇವದ ಗಾಳಿಯಲ್ಲಿ ಒಯ್ಯದು. ಹಿಮ ಕಾರುವ ಫಿರಂಗಿಯೂ ಇದೇ ಬಗೆಯದು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಮೈನಸ್ ಎರಡೂವರೆ ಡಿಗ್ರಿಯ ಆಸುಪಾಸಿಗೆ ಇಳಿದರೆ ಕೆಲಸ ಶುರು. ಗಾಳಿ ಒಣಗಿದ್ದರೆ ಸೊನ್ನೆಗಿಂತ ತುಸು ಮೇಲಿನ ತಾಪದಲ್ಲೂ ಅದು ಸಾಧ್ಯ, ತೇವವಿದ್ದರೆ ಸೊನ್ನೆಗಿಂತ ಕೆಳಗೂ ಅಸಾಧ್ಯ. 2015ರಲ್ಲಿ ಟಾಹೋದ ಕೆಲವು ತಾಣಗಳು ಮಾರ್ಚ್‌ನಲ್ಲೇ ಬಾಗಿಲು ಹಾಕಿದಾಗ, ಎತ್ತರವೋ ಯಂತ್ರವೋ ಎರಡರಲ್ಲೊಂದು ಇದ್ದವು ಉಳಿದುಕೊಂಡವು. ಉಳಿದರೂ ಅಲ್ಲಿದ್ದದ್ದು ಕಂದು ಬೆಟ್ಟದ ನಡುವಿನ ಬಿಳಿ ಪಟ್ಟಿ. ಆದ್ದರಿಂದ ಆಳದ ಜೊತೆಗೆ ಒಟ್ಟು ಇಳಿಜಾರುಗಳಲ್ಲಿ ಎಷ್ಟು ತೆರೆದಿವೆ ಎಂದು ಕೇಳಲೇಬೇಕು.

ಈ ಸಮಸ್ಯೆ ನಮ್ಮ ದೇಶಕ್ಕೂ ಬಂದಿದೆ. 2025ರ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮದ ಕೊರತೆಯಿಂದ ಮುಂದೂಡಲ್ಪಟ್ಟು ಮಾರ್ಚ್‌ನಲ್ಲಿ ನಡೆಯಿತು. ಕರ್ನಾಟಕದ ಪರವಾಗಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಪದಕ ಗೆಲ್ಲುತ್ತ ಬಂದಿರುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂಥವರಿಗೆ ಹಿಮದ ಲೆಕ್ಕ ವಾರಾಂತ್ಯದ ಮೋಜಿನ ವಿಷಯವಲ್ಲ. ಗುಲ್ಮಾರ್ಗ್‌ನಲ್ಲೂ ಎತ್ತರದ ಮಾತೇ ಮೇಲು: ಸುಮಾರು 2,650 ಮೀಟರ್ ಎತ್ತರದ ಬಟ್ಟಲಿನಂಥ ಬಯಲು ಬರಿದಾಗಿರುವಾಗಲೂ ಗೊಂಡೋಲಾ ಎಂಬ ತೂಗುಬಂಡಿಯ ಎರಡನೇ ಹಂತ ಏರಿ ಅಫರ್ವತ್ ಬೆಟ್ಟ ತಲುಪಿದವರಿಗೆ ಕಾಲಡಿಯಲ್ಲಿ ಹಿಮ ಸಿಗಬಹುದು.

ಕೊನೆಗೆ ಫಿಲಿಪ್ಸ್‌ನ ಹುಲ್ಲುಗಾವಲಿಗೆ ಹಿಂದಿರುಗುತ್ತೇನೆ. ಒಣ ಹುಲ್ಲು ಕಂಡ ಎಂಟು ವರ್ಷಗಳ ಬಳಿಕ, 2023ರ ಏಪ್ರಿಲ್ 3ರಂದು, ಅಲ್ಲಿ 126.5 ಇಂಚು ಹಿಮವಿತ್ತು, ಅದರಲ್ಲಿ 54 ಇಂಚು ನೀರು. ಅಂದರೆ ಆಳದ ನೂರರಲ್ಲಿ ಸುಮಾರು 43 ಪಾಲು ನೀರು. ಸಡಿಲವಾಗಿ ಬಿದ್ದದ್ದು ಅಷ್ಟು ಗಟ್ಟಿಯಾಗಿ ಅಮರಿತ್ತು. ಆ ಚಳಿಗಾಲದಲ್ಲಿ ಕೊರತೆಯಾದದ್ದು ರಸ್ತೆಗೆ: ಹೆದ್ದಾರಿಗಳು ಮತ್ತೆ ಮತ್ತೆ ಮುಚ್ಚಿದವು, ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟ್‌ಗಳನ್ನು ಹಿಮದಡಿಯಿಂದ ಅಗೆದು ಬಿಡಿಸಬೇಕಾಯಿತು, ಅತಿ ಹೆಚ್ಚು ಹಿಮ ಬಿದ್ದ ದಿನಗಳಲ್ಲೇ ಸ್ಕೀ ಮಾಡಲಾಗಲಿಲ್ಲ. ಆದರೆ ಹಾಗೆ ಗಟ್ಟಿಯಾಗಿ ಅಮರಿದ ಹಿಮ ಬೇಗ ಕರಗದು. ಆ ವರ್ಷ ಪ್ಯಾಲಿಸೇಡ್ಸ್ ಜುಲೈ 4ರವರೆಗೆ ತೆರೆದಿತ್ತು, ದಕ್ಷಿಣದ ಮ್ಯಾಮತ್ ಆಗಸ್ಟ್ 6ರವರೆಗೆ.