ಕಿಟಕಿಗಳಿದ್ದ ಉಲ್ಕೆ

ಕೇಳುಗರೇ, ನಮಸ್ಕಾರ.

1948ರ ಜುಲೈ 24, ಬೆಳಗಿನ ಜಾವ ಎರಡೂ ಮುಕ್ಕಾಲು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಪಟ್ಟಣದ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ ಕಂಪನಿಯ ಡಿಸಿ-3 ವಿಮಾನವೊಂದು ಐದು ಸಾವಿರ ಅಡಿ ಎತ್ತರದಲ್ಲಿ ಹೋಗುತ್ತಿತ್ತು. ಪೈಲಟ್ ಕ್ಲಾರೆನ್ಸ್ ಚೈಲ್ಸ್, ಸಹಪೈಲಟ್ ಜಾನ್ ವಿಟೆಡ್. ಎದುರಿನಿಂದ ಏನೋ ಹೊಳೆಯುತ್ತಾ ನುಗ್ಗಿ ಬಂತು. ಚೈಲ್ಸ್ ವಿಮಾನವನ್ನು ಎಡಕ್ಕೆ ತಿರುಗಿಸಿದರು. ಅದು ಬಲಗಡೆಯಿಂದ ಹಾದು ಮೋಡದಲ್ಲಿ ಮರೆಯಾಯಿತು. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು.

ಇಬ್ಬರೂ ಹೇಳಿದ್ದು ಹೀಗೆ: ಚುಟ್ಟಾ ಆಕಾರ, ರೆಕ್ಕೆಯಿಲ್ಲ, ನೂರಡಿ ಉದ್ದ, ಬೆಳಕು ತುಂಬಿದ ಎರಡು ಸಾಲು ಕಿಟಕಿ, ಹಿಂದೆ ಕಿತ್ತಳೆ ಬಣ್ಣದ ಬೆಂಕಿ. ಆ ಹೊತ್ತಿನಲ್ಲಿ ಎಚ್ಚರವಿದ್ದ ಒಬ್ಬ ಪ್ರಯಾಣಿಕರಿಗೆ ಕಂಡದ್ದು ಮಾತ್ರ ಬರೀ ಒಂದು ಬೆಳಕಿನ ಗೆರೆ. ಈ ಸಣ್ಣ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ.

ಆಕಾಶದಲ್ಲಿ ಗುರುತು ಸಿಗದ ವಸ್ತು ಕಂಡೆವೆಂಬ ಇಂಥ ವರದಿಗಳ ತನಿಖೆಗೆಂದೇ ಅಮೆರಿಕದ ವಾಯುಪಡೆಯಲ್ಲಿ 'ಪ್ರಾಜೆಕ್ಟ್ ಸೈನ್' ಎಂಬ ವಿಭಾಗವಿತ್ತು. ಅದರ ತನಿಖಾಧಿಕಾರಿಗಳು ದಿಗಿಲುಬಿದ್ದರು. ಹೇಳುತ್ತಿದ್ದವರು ದಾರಿಹೋಕರಲ್ಲ, ನುರಿತ ಪೈಲಟ್‌ಗಳು. ಸಲಹೆಗಾರರಾಗಿದ್ದ ಖಗೋಳಶಾಸ್ತ್ರಜ್ಞ ಅಲೆನ್ ಹೈನೆಕ್ ಇಕ್ಕಟ್ಟಿಗೆ ಸಿಕ್ಕರು. ಪೈಲಟ್‌ಗಳ ಮಾತನ್ನು ಅಕ್ಷರಶಃ ಒಪ್ಪಿದರೆ ಉಲ್ಕೆ ಅನ್ನುವಂತಿಲ್ಲ. ಅಕ್ಷರಶಃ ಒಪ್ಪದಿದ್ದರೆ ಉಲ್ಕೆಯೇ ಸುಲಭದ ಉತ್ತರ. ಕೊನೆಗೆ 1959ರಲ್ಲಿ, ಅಂದರೆ ಹನ್ನೊಂದು ವರ್ಷದ ಮೇಲೆ, ಅದೇ ಕೆಲಸವನ್ನು ಮುಂದುವರಿಸಿದ ವಾಯುಪಡೆಯ 'ಬ್ಲೂ ಬುಕ್' ಯೋಜನೆಯ ಕಡತದಲ್ಲಿ ಅಧಿಕೃತ ಷರಾ ಬಿತ್ತು: ಉಲ್ಕೆ.

ಕಿಟಕಿಗಳಿರುವ ಉಲ್ಕೆಯೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ, 1968ರ ಮಾರ್ಚ್ 3ರ ವರದಿ ಓದುವವರೆಗೆ. ಅಂದು ರಾತ್ರಿ ಸೋವಿಯತ್ ಒಕ್ಕೂಟದ ಜೋಂಡ್-4 ಎಂಬ ಬಾಹ್ಯಾಕಾಶ ನೌಕೆಯ ಉಡಾವಣೆಯ ಅವಶೇಷಗಳು ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿದುಹೋದವು. ಉರಿದದ್ದು ಏನೆಂಬುದರಲ್ಲಿ ಅನುಮಾನವಿಲ್ಲ. ಆದರೂ ಕೆಲವು ಸಾಕ್ಷಿಗಳು ಉದ್ದನೆಯ ಹಡಗು ಕಂಡೆವು, ಅದಕ್ಕೆ ಸಾಲು ಕಿಟಕಿಗಳಿದ್ದವು, ಮರದ ತುದಿಯ ಮೇಲೇ ಹೋಯಿತು ಎಂದು ಬರೆದುಕೊಟ್ಟರು! ಇಂಥ ವರದಿಗಳನ್ನು ಪರಿಶೀಲಿಸುತ್ತಿದ್ದ ಕೊಲೊರಾಡೋ ವಿಶ್ವವಿದ್ಯಾಲಯದ ಅಧ್ಯಯನ ತಂಡದಲ್ಲಿದ್ದ ವಿಲಿಯಂ ಹಾರ್ಟ್‌ಮನ್ ಈ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕತ್ತಲಲ್ಲಿ ಒಂದೇ ಸಾಲಾಗಿ ಸಾಗುವ ಚುಕ್ಕಿಗಳ ನಡುವಿನ ಖಾಲಿ ಜಾಗಕ್ಕೆ ಮನಸ್ಸೇ ಒಂದು ಒಡಲು ಕಟ್ಟಿಬಿಡುತ್ತದೆ. ಚುಕ್ಕಿಗಳು ಕಿಟಕಿಗಳಾಗುತ್ತವೆ. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಲೆಕ್ಕವೂ ಹಾಗೇ ತಪ್ಪುತ್ತದೆ. ಉಲ್ಕೆ ಹೊತ್ತಿಕೊಳ್ಳುವುದು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ. ವೇಗ ಸೆಕೆಂಡಿಗೆ ಕನಿಷ್ಠ ಹನ್ನೊಂದು ಕಿಲೋಮೀಟರ್. ರಾತ್ರಿ ಅಳೆದು ನೋಡಲು ಪಕ್ಕದಲ್ಲಿ ಮರವಿಲ್ಲ, ಗುಡ್ಡವಿಲ್ಲ. ಇನ್ನೇನು ಬಡಿಯಿತು ಅನ್ನಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಹತ್ತು ಸೆಕೆಂಡಿನಲ್ಲಿ ಪ್ರಮಾಣಿಸುವುದು ಹೇಗೆ?

ಹಾಗಂತ ಆ ಷರಾವನ್ನು ನಾನು ಪೂರ್ತಿ ಮೆಚ್ಚುವುದಿಲ್ಲ. ಉಲ್ಕೆ ಎಂದು ತೋರಿಸಲು ಬಿದ್ದ ಕಲ್ಲಿಲ್ಲ, ಛಾಯಾಚಿತ್ರವಿಲ್ಲ. ಇದ್ದುದರಲ್ಲಿ ಹೆಚ್ಚು ಒಪ್ಪುವ ಉತ್ತರ ಅದು, ಅಷ್ಟೆ. 'ಬಹುಶಃ' ಎಂಬ ಒಂದು ಪದ ಮುಂದೆ ಸೇರಿಸಿದ್ದರೆ ಕಡತಕ್ಕೇನೂ ಭಾರವಾಗುತ್ತಿರಲಿಲ್ಲ.

1948ರ ಆ ಘಟನೆಯಾಗಿ ಇಪ್ಪತ್ತು ವರ್ಷಗಳ ನಂತರ ವಿಜ್ಞಾನಿ ಜೇಮ್ಸ್ ಮೆಕ್‌ಡೊನಾಲ್ಡ್ ಆ ಇಬ್ಬರು ಪೈಲಟ್‌ಗಳನ್ನೂ ಮತ್ತೆ ಮಾತಾಡಿಸಿದರು. ಉಲ್ಕೆ ಎಂಬುದನ್ನು ಇಬ್ಬರೂ ಆಗಲೂ ಒಪ್ಪಲಿಲ್ಲ.

ನಮಸ್ಕಾರ.