ಹಾಲನ್ನು ಬೈಯಬೇಡಿ, ಚಮಚ ನೋಡಿ

ಕೇಳುಗರಿಗೆ ನಮಸ್ಕಾರ.

ಹಾಲು ಕುಡಿದರೆ ಶುಗರ್ ಬರುತ್ತದಾ? ನನ್ನ ಕ್ಲಿನಿಕ್ಕಿನಲ್ಲಿ ದಿನಕ್ಕೆ ಮೂರ್ನಾಲ್ಕು ಜನ ಇದನ್ನೇ ಕೇಳುತ್ತಾರೆ. ಶುಗರಿಗೆ ಹಾಲೇ ಕಾರಣ ಅನ್ನುವ ವಿಡಿಯೋ ಯಾರೋ ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ. ಒಲೆಯ ಮೇಲೆ ಸಾರು ಇಟ್ಟು ಬಂದವರು ಇದ್ದೀರಿ, ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲ, ಬರುವುದಿಲ್ಲ. ಹಾಲನ್ನು ಬೈಯಬೇಡಿ. ಹಾಲಿನ ಲೋಟಕ್ಕೆ ಇಳಿಯುವ ಚಮಚ ನೋಡಿ.

"ಹಾಲಿನಲ್ಲೂ ಸಕ್ಕರೆ ಉಂಟಲ್ಲ ಡಾಕ್ಟ್ರೇ" ಅನ್ನುತ್ತೀರಿ. ಉಂಟು. ಹೆಸರು ಲ್ಯಾಕ್ಟೋಸ್. 200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ. ಆದರೆ ಅದು ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಜೊತೆಗಿರುವ ಪ್ರೋಟೀನು, ಕೊಬ್ಬು ಅದನ್ನು ಓಡಲು ಬಿಡುವುದಿಲ್ಲ. ಬಿಳಿ ಅನ್ನ ಅದಕ್ಕಿಂತ ಎಷ್ಟೋ ಬೇಗ ಶುಗರ್ ಏರಿಸುತ್ತದೆ. ಅನ್ನ ಎರಡೆರಡು ಸಲ ಬಡಿಸಿಕೊಂಡು, ಕೊನೆಗೆ ಒಂದು ಸೌಟು ಮಜ್ಜಿಗೆ ಬೇಡ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಕಾರ್ಕಳದ ಕಡೆಯ ಒಬ್ಬರು ಅಜ್ಜನ ಕಥೆ ಹೇಳಬೇಕು. ಮನೆಯಲ್ಲಿ ಎರಡು ದನ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ 7.8 ಇತ್ತು. ಮೊಮ್ಮಗ ವಿಡಿಯೋ ತೋರಿಸಿದ, ಅಜ್ಜ ಅವತ್ತೇ ಹಾಲು ಬಿಟ್ಟರು. ಕರೆದ ಹಾಲಷ್ಟನ್ನೂ ಸೊಸೈಟಿಗೆ ಹಾಕಿದರು. ಮೂರು ತಿಂಗಳು ಬಿಟ್ಟು ಬಂದಾಗ ರಿಪೋರ್ಟಿನಲ್ಲಿ 8.6!

"ಒಂದು ತೊಟ್ಟು ಹಾಲು ಮುಟ್ಟಿಲ್ಲ ಡಾಕ್ಟ್ರೇ. ಬರೀ ಕಣ್ಣ ಚಾ" ಅಂದರು, ಅಂದರೆ ಹಾಲಿಲ್ಲದ ಚಾ. ಸಕ್ಕರೆ ಎಷ್ಟು ಅಂತ ಕೇಳಿದೆ. "ಹೆಚ್ಚಿಲ್ಲ, ಒಂದು ಚಮಚ." ಅಜ್ಜಿ ಪಕ್ಕದಲ್ಲೇ ಇದ್ದರು, ಮಾತಾಡಲಿಲ್ಲ, ಸುಮ್ನೆ ಕಿಟಕಿ ಕಡೆ ನೋಡಿದರು. ನನಗೆ ಸಂಶಯ ಬಂತು. ಮುಂದಿನ ಸಲ ಆ ಚಮಚವನ್ನೇ ತನ್ನಿ ಅಂದೆ.

ತಂದರು ಮಾರಾಯ್ರೇ! ಪೇಪರಿನಲ್ಲಿ ಸುತ್ತಿ ತಂದಿದ್ದರು. ಅದು ಚಾ ಚಮಚ ಅಲ್ಲ, ಉಪ್ಪಿಟ್ಟು ತಿನ್ನುವ ದೊಡ್ಡ ಚಮಚ. ನಮ್ಮ ನರ್ಸಮ್ಮ ಒಳಗಿಂದ ಸಕ್ಕರೆ ಡಬ್ಬಿ, ಚಿಕ್ಕ ತಕ್ಕಡಿ ತಂದರು. ನೀವೇ ಹಾಕಿ ತೋರಿಸಿ ಅಂದೆ. ಅಜ್ಜ ಗೋಪುರ ಮಾಡಿ ಹಾಕಿದರು. 12 ಗ್ರಾಂ. ಆಗ ಅಜ್ಜಿ ಬಾಯಿ ಬಿಟ್ಟರು. "ಹಾಲಿದ್ದಾಗ ಒಂದು ಸಾಕಾಗ್ತಿತ್ತು. ಈಗ ಒಗರು ಅಂತ ಒಂದೂವರೆ ಹಾಕ್ತಾರೆ." ದಿನಕ್ಕೆ ಐದು ಲೋಟ ಚಾ. ಲೆಕ್ಕ ಹಾಕಿ, 90 ಗ್ರಾಂ! ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲು ಬಿಟ್ಟದ್ದಕ್ಕೇ ಸಕ್ಕರೆ ಜಾಸ್ತಿ ಆಯಿತು, ಅಲ್ವಾ? ಅಜ್ಜ ತಕ್ಕಡಿಯನ್ನೇ ಸಂಶಯದಿಂದ ನೋಡುತ್ತಿದ್ದರು. ಇನ್ನೊಂದು ಸಲ ತೂಗಿಸಿದರು. ಮತ್ತೆ 12.

ಅದಕ್ಕೇ ಹೇಳುವುದು, ಚಮಚ ನೋಡಿ. ಬೆಲ್ಲ ಆದರೆ ಪರವಾಗಿಲ್ಲ ಅಂತ ಕಷಾಯಕ್ಕೆ ಬೆಲ್ಲ ಸುರಿಯುವವರೂ ಕೇಳಿ. ರಕ್ತಕ್ಕೆ ಸಕ್ಕರೆ, ಬೆಲ್ಲ ಎರಡೂ ಒಂದೇ. ಮಕ್ಕಳ ಹಾಲಿಗೆ ಹಾಕುವ ಚಾಕಲೇಟು ಪುಡಿಯ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಓದಿ. ಬಾದಾಮಿ ಹಾಲಿನ ಮಾತು ಎತ್ತುವುದೇ ಬೇಡ.

ನನಗೆ ಕೊಟ್ಟ ಐದು ನಿಮಿಷದಲ್ಲಿ ಮೂರು ಆ ಚಮಚಕ್ಕೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಮಕ್ಕಳಿಗೆ ಬರುವ ಟೈಪ್ 1 ಶುಗರಿಗೆ ದನದ ಹಾಲೇ ಕಾರಣವಿರಬಹುದು ಅನ್ನುವ ಸಂಶಯ ವಿಜ್ಞಾನಿಗಳಿಗೂ ಇತ್ತು. ಫಿನ್ಲೆಂಡಿನವರು ಮುಂದೆ ನಿಂತು, 15 ದೇಶಗಳ 2159 ಶಿಶುಗಳನ್ನು ಸೇರಿಸಿ ಪರೀಕ್ಷೆ ಮಾಡಿದರು. ಅರ್ಧ ಮಕ್ಕಳಿಗೆ ದನದ ಹಾಲಿನ ಮಾಮೂಲಿ ಪುಡಿ, ಇನ್ನರ್ಧಕ್ಕೆ ಪ್ರೋಟೀನು ಒಡೆದ ಪುಡಿ. ಹತ್ತು ವರ್ಷಕ್ಕೂ ಮೇಲೆ ಕಾದರು. 2018ರಲ್ಲಿ ಫಲಿತಾಂಶ ಬಂತು, ವ್ಯತ್ಯಾಸ ಸಿಗಲಿಲ್ಲ. ಹಾಗಂತ ವರ್ಷ ತುಂಬದ ಮಗುವಿಗೆ ಲೋಟಗಟ್ಟಲೆ ದನದ ಹಾಲು ಬೇಡ, ತಾಯಿಹಾಲು ಕೊಡಿ.

ದೊಡ್ಡವರದ್ದೂ ನೋಡಿದ್ದಾರೆ, ಅದು ಶುಗರಿನದ್ದಲ್ಲ, ಹೃದಯದ ಲೆಕ್ಕ. 21 ದೇಶಗಳ 1 ಲಕ್ಷ 36 ಸಾವಿರ ಜನರ ಅಧ್ಯಯನ ಅದೇ 2018ರಲ್ಲಿ ಬಂತು. ಹಾಲು, ಮೊಸರು ಹೆಚ್ಚು ತೆಗೆದುಕೊಳ್ಳುವವರಲ್ಲಿ ಹೃದಯದ ಕಾಯಿಲೆ, ಸಾವು ಎರಡೂ ಕಡಿಮೆ ಕಂಡವು.

ಇನ್ನು ಎ2 ಹಾಲು, ಅಂದರೆ ನಾಟಿ ದನದ್ದು, ಹೆಚ್ಚು ಒಳ್ಳೆಯದು ಅಂತ ಮಾರುವ ಹಾಲು. ಎ1, ಎ2 ನಡುವಿನ ವ್ಯತ್ಯಾಸ ಒಂದು ಪ್ರೋಟೀನಿನ 67ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನು ಕಟ್ಟುವ ಒಂದು ಇಟ್ಟಿಗೆ. ಅದಕ್ಕೆ ದುಪ್ಪಟ್ಟು ದುಡ್ಡು! ಊರಿನ ಗಿಡ್ಡ ದನದ ಹಾಲು ಸಿಕ್ಕಿದರೆ ಸಂತೋಷವಾಗಿ ಕುಡಿಯಿರಿ, ಸಿಗದಿದ್ದರೆ ಪ್ಯಾಕೆಟ್ ಹಾಲು ಸಾಕು. ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೆ ಮೊಸರಿಗೆ ಬನ್ನಿ. ಶುಗರ್ ಇರುವವರು ದಿನಕ್ಕೊಂದು ಲೋಟ ಹಾಲು ಲೆಕ್ಕದಲ್ಲಿ ಇಟ್ಟುಕೊಂಡು ಕುಡಿಯಬಹುದು. ಚಮಚ ಇಲ್ಲದೆ.

ಅಜ್ಜ ಕಳೆದ ತಿಂಗಳು ಬಂದಿದ್ದರು. 7.4. ಈಗ ಹಾಲು ಹಾಕಿದ ಚಾ, ಸಕ್ಕರೆ ಇಲ್ಲ, ದಿನಕ್ಕೆ ಎರಡೇ ಲೋಟ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಸಂಜೆ ಚಾ ಜೊತೆ ನಾಲ್ಕು ಗೋಳಿಬಜೆ ಆಗಬಹುದಾ ಡಾಕ್ಟ್ರೇ?" ಅಜ್ಜಿ ಮತ್ತೆ ಕಿಟಕಿ ಕಡೆ ನೋಡಿದರು.

ನಮಸ್ಕಾರ.