ಇಂಗ್ಲಿಷಿನ ಅನಿಯಮಿತ ಕ್ರಿಯಾಪದಗಳನ್ನು ಕಲಿಯುವ ಬಗೆ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷ್ ಕಲಿಯುವವರನ್ನು ಶಾಲೆಯ ದಿನಗಳಿಂದಲೂ ಕಾಡುತ್ತ ಬರುವ ಸಂಗತಿಗಳಲ್ಲಿ ಅನಿಯಮಿತ ಕ್ರಿಯಾಪದಗಳದ್ದು ಮೊದಲ ಸಾಲಿನ ಸ್ಥಾನ. ಪ್ಲೇ ಎಂಬುದು ಭೂತಕಾಲದಲ್ಲಿ ಪ್ಲೇಡ್ ಆಗುತ್ತದೆ, ಕಾಲ್ ಎಂಬುದು ಕಾಲ್ಡ್ ಆಗುತ್ತದೆ, ಇಲ್ಲಿಯವರೆಗೆ ತೊಡಕಿಲ್ಲ. ಆದರೆ ಗೋ ಎಂಬುದು ವೆಂಟ್ ಆಗುತ್ತದೆ, ಥಿಂಕ್ ಎಂಬುದು ಥಾಟ್ ಆಗುತ್ತದೆ, ಕಟ್ ಎಂಬುದು ಏನೂ ಬದಲಾಗದೆ ಕಟ್ ಆಗಿಯೇ ಉಳಿಯುತ್ತದೆ. ಇಂತಹ ಕ್ರಿಯಾಪದಗಳು ಸುಮಾರು 200 ಇವೆ. ಸಂಖ್ಯೆ ದೊಡ್ಡದೇನಲ್ಲ, ಆದರೆ ದಿನನಿತ್ಯ ಬೇಕಾಗುವ ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್, ನೋ, ಟೇಕ್, ಸೀ, ಕಮ್ ಇವೆಲ್ಲ ಆ ಗುಂಪಿನಲ್ಲೇ ಇರುವುದರಿಂದ ಅವನ್ನು ಬದಿಗಿಟ್ಟು ಒಂದು ನಿಮಿಷವೂ ಇಂಗ್ಲಿಷ್ ಮಾತನಾಡಲಾಗುವುದಿಲ್ಲ.

ಹೆಚ್ಚು ಬಳಕೆಯ ಪದಗಳೇ ಹೀಗೆ ನಿಯಮ ಮೀರಿರುವುದು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನಲ್ಲಿ ಧಾತುವಿನೊಳಗಿನ ಸ್ವರವನ್ನೇ ಬದಲಿಸಿ ಭೂತಕಾಲವನ್ನು ಹೇಳುವ ಕ್ರಿಯಾಪದಗಳ ಏಳು ವರ್ಗಗಳಿದ್ದವು. ಕಾಲ ಕಳೆದಂತೆ ಕೊನೆಗೆ ಪ್ರತ್ಯಯ ಹಚ್ಚುವ ಸುಲಭದ ಕ್ರಮ ಹರಡಿ, ಹಳೆಯ ಕ್ರಮದ ಪದಗಳು ಒಂದೊಂದಾಗಿ ಅದರೊಳಗೆ ಸೇರಿಹೋದವು. 2007ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದು, ನಡುಗಾಲದ ಇಂಗ್ಲಿಷಿನಲ್ಲಿ ಅವುಗಳಲ್ಲಿ 145 ಮಾತ್ರ, ಇಂದು 98 ಮಾತ್ರ ಅನಿಯಮಿತವಾಗಿ ಉಳಿದಿವೆ ಎಂದು ತೋರಿಸಿತು. ಒಂದು ಕ್ರಿಯಾಪದದ ಬಳಕೆ ಇನ್ನೊಂದಕ್ಕಿಂತ ನೂರು ಪಟ್ಟು ಕಡಿಮೆಯಿದ್ದರೆ ಅದು ಹತ್ತು ಪಟ್ಟು ಬೇಗ ನಿಯಮಿತವಾಗುತ್ತದೆ ಎಂಬುದು ಆ ಸಂಶೋಧಕರ ಲೆಕ್ಕ. ನಿತ್ಯ ಕಿವಿಗೆ ಬೀಳುವ ರೂಪ ನೆನಪಿನಲ್ಲಿ ನಿಲ್ಲುತ್ತದೆ. ಅಪರೂಪಕ್ಕೆ ಕೇಳಿಸುವುದನ್ನು ಜನ ಮರೆತು ನಿಯಮದ ಮೊರೆ ಹೋಗುತ್ತಾರೆ. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಹೆಲ್ಪ್ ಪದಕ್ಕೆ ಹೋಲ್ಪನ್ ಎಂಬ ರೂಪ ಸಿಗುತ್ತದೆ, ಇಂದು ಅದು ಹೆಲ್ಪ್ಡ್. ಸೋಜಿಗವೆಂದರೆ ಅದೇ ಅನುವಾದದಲ್ಲಿ ಡಿಗ್ ಪದಕ್ಕೆ ಡಿಗ್ಡ್ ಎಂಬ ನಿಯಮಿತ ರೂಪವಿದೆ, ಇಂದು ನಾವು ಹೇಳುವುದು ಡಗ್. ಹೊಳೆ ಒಂದೇ ದಿಕ್ಕಿಗೆ ಹರಿದಿಲ್ಲ.

ಈ ಚರಿತ್ರೆಯಿಂದ ಕಲಿಯುವವರಿಗೆ ಸಿಗುವ ಸುಳಿವು ಇಷ್ಟು: ಬಳಕೆಯಿಂದ ಉಳಿದುಬಂದ ರೂಪಗಳನ್ನು ಬಳಕೆಯ ದಾರಿಯಲ್ಲೇ ಕಲಿಯಬೇಕು. ವ್ಯಾಕರಣ ಪುಸ್ತಕಗಳ ಹಿಂಬದಿಯಲ್ಲಿರುವ ಅಕಾರಾದಿ ಪಟ್ಟಿ ಹುಡುಕುವುದಕ್ಕೆ ಯೋಗ್ಯ, ಕಲಿಯುವುದಕ್ಕೆ ಅಯೋಗ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂತಹ ಪಟ್ಟಿ ಅಬೈಡ್, ಅರೈಸ್, ಅವೇಕ್ ಎಂದು ಆರಂಭವಾಗುತ್ತದೆ. ಮಾತಿನಲ್ಲಿ ಇವನ್ನು ಬಳಸುವ ಸಂದರ್ಭ ಎಷ್ಟು ಬಾರಿ ಬಂದೀತು? ಅದಕ್ಕಿಂತ ಮುಖ್ಯವಾಗಿ, ಪರಸ್ಪರ ನಂಟಿರುವ ಪದಗಳನ್ನು ಆ ಪಟ್ಟಿ ಚದುರಿಸಿಬಿಡುತ್ತದೆ.

ನಂಟು ಎಂದರೆ ಇಲ್ಲಿ ಧ್ವನಿಯ ನಂಟು. ನಮ್ಮದೇ ಭಾಷೆಯನ್ನು ಗಮನಿಸಿ. ಮಾಡು ಎಂಬುದು ಮಾಡಿದ, ಹಾಡು ಎಂಬುದು ಹಾಡಿದ, ಓಡು ಎಂಬುದು ಓಡಿದ ಆಗುತ್ತವೆ. ಆದರೆ ಕೊಡು ಎಂಬುದು ಕೊಟ್ಟ, ಬಿಡು ಎಂಬುದು ಬಿಟ್ಟ, ಸುಡು ಎಂಬುದು ಸುಟ್ಟ, ನೆಡು ಎಂಬುದು ನೆಟ್ಟ. ಮೊದಲ ಸ್ವರ ದೀರ್ಘವಾಗಿದ್ದರೆ ಒಂದು ಬಗೆ, ಹ್ರಸ್ವವಾಗಿದ್ದರೆ ಇನ್ನೊಂದು ಬಗೆ ಎಂಬುದನ್ನು ನಮಗೆ ಯಾರೂ ಬರೆಸಿ ಕಲಿಸಲಿಲ್ಲ, ಆದರೂ ಕಿವಿ ಅದನ್ನು ಬಲ್ಲದು. ನಿಲ್ಲು ಎಂಬುದು ನಿಂತ, ಗೆಲ್ಲು ಎಂಬುದು ಗೆದ್ದ, ಕೊಲ್ಲು ಎಂಬುದು ಕೊಂದ ಎಂದು ಮೂರು ದಾರಿ ಹಿಡಿದರೂ ನಾವು ತಡವರಿಸುವುದಿಲ್ಲ. ಇಂಗ್ಲಿಷ್ ಮಾತ್ರ ಹುಚ್ಚುಹುಚ್ಚಾಗಿದೆ ಎಂದು ದೂರುವವರು ಒಮ್ಮೆ ಕನ್ನಡವನ್ನು ಹೊರಗಿನವರ ಕಿವಿಯಿಂದ ಕೇಳಿಸಿಕೊಳ್ಳಬೇಕು.

ಇಂಗ್ಲಿಷಿನಲ್ಲೂ ಇಂತಹ ಧ್ವನಿ ಕುಟುಂಬಗಳಿವೆ. ಸಿಂಗ್, ಸ್ಯಾಂಗ್, ಸಂಗ್ ಎಂಬುದು ಗಟ್ಟಿಯಾಗಿ ಬಾಯಿಗೆ ಕುಳಿತರೆ ಡ್ರಿಂಕ್, ಡ್ರ್ಯಾಂಕ್, ಡ್ರಂಕ್ ಅದರ ಬೆನ್ನಿಗೇ ಬರುತ್ತದೆ. ಬಿಗಿನ್, ಬಿಗ್ಯಾನ್, ಬಿಗನ್ ಕೂಡ ಅದೇ ಮನೆತನದ್ದು. ರೈಟ್, ರೋಟ್, ರಿಟನ್ ಎಂಬುದರ ಜೊತೆಗೆ ಡ್ರೈವ್, ಡ್ರೋವ್, ಡ್ರಿವನ್. ಗ್ರೋ, ಗ್ರೂ, ಗ್ರೋನ್ ಎಂಬುದರ ಜೊತೆಗೆ ನೋ, ನ್ಯೂ, ನೋನ್. ಕೀಪ್, ಸ್ಲೀಪ್, ಫೀಲ್ ಪದಗಳಲ್ಲಿ ದೀರ್ಘ ಸ್ವರ ಮೊಟಕಾಗಿ ಕೆಪ್ಟ್, ಸ್ಲೆಪ್ಟ್, ಫೆಲ್ಟ್ ಎಂದಾಗುತ್ತದೆ. ಕಟ್, ಪುಟ್, ಹಿಟ್, ಶಟ್, ಕಾಸ್ಟ್, ಹರ್ಟ್ ಎಂಬ ಬದಲಾಗದ ಗುಂಪನ್ನು ಕೇಳಿ ನೋಡಿ, ಎಲ್ಲವೂ ಟಕಾರದಲ್ಲಿ ಮುಗಿಯುತ್ತವೆ. ರೂಪ ಬದಲಾಗದಿದ್ದರೆ ಕಾಲ ತಿಳಿಯುವುದು ಹೇಗೆಂದು ಕೇಳಬಹುದು. ಹಿ ಪುಟ್ಸ್ ಎಂದರೆ ವರ್ತಮಾನ. ಸಕಾರವಿಲ್ಲದೆ ಹಿ ಪುಟ್ ಎಂದರೆ ಅದು ಭೂತಕಾಲವೇ ಸರಿ.

ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಹತ್ತಿರದ ಕುಟುಂಬಗಳನ್ನು ಒಂದೇ ದಿನ ಕಲಿತರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಸಿಂಗ್ ಎಂಬುದು ಸ್ಯಾಂಗ್ ಆದರೂ ಸ್ವಿಂಗ್ ಎಂಬುದು ಸ್ವಂಗ್, ಸ್ಟಿಂಗ್ ಎಂಬುದು ಸ್ಟಂಗ್, ಬ್ರಿಂಗ್ ಎಂಬುದಂತೂ ಬ್ರಾಟ್. ಆದ್ದರಿಂದ ಮೊದಲು ಒಂದು ಕುಟುಂಬದ ಅತಿ ಪರಿಚಿತ ಸದಸ್ಯನನ್ನು ಗಟ್ಟಿಮಾಡಿಕೊಂಡು, ಅದರ ನೆಂಟರನ್ನು ಕರೆತಂದು, ಕೆಲವು ದಿನ ಬಿಟ್ಟು ಇನ್ನೊಂದು ಕುಟುಂಬಕ್ಕೆ ಕೈಹಾಕುವುದು ಒಳ್ಳೆಯದು. ವೆಂಟ್ ಎಂಬಂತಹ ಒಂಟಿ ರೂಪಗಳಿಗೆ ಕುಟುಂಬವಿಲ್ಲ. ಅದು ವೆಂಡ್ ಎಂಬ ಬೇರೊಂದು ಕ್ರಿಯಾಪದದಿಂದ ಎರವಲು ಬಂದದ್ದು. ಅಂತಹವನ್ನು ಹಾಗೆಯೇ ಒಪ್ಪಿಕೊಳ್ಳಬೇಕು.

ಇನ್ನು ಅಭ್ಯಾಸದ ಮಾತು. ಗೋ, ವೆಂಟ್, ಗಾನ್ ಎಂದು ಮಗ್ಗಿಯಂತೆ ಒಪ್ಪಿಸುವುದು ಆರಂಭಕ್ಕೆ ಸಾಕು, ಆದರೆ ಅಲ್ಲಿಗೇ ನಿಂತವರು ಮಾತಿನ ನಡುವೆ ಮೂರನೆಯ ರೂಪ ಬೇಕಾದಾಗ ಮನಸ್ಸಿನಲ್ಲಿ ಮೊದಲಿನಿಂದ ಪಾಠ ಒಪ್ಪಿಸುತ್ತ ಕೂರಬೇಕಾಗುತ್ತದೆ. ಎರಡನೆಯ ರೂಪಕ್ಕೆ ನಿನ್ನೆ ಎಂಬರ್ಥದ ಯೆಸ್ಟರ್ಡೇ ಪದವನ್ನೂ ಮೂರನೆಯ ರೂಪಕ್ಕೆ ಐ ಹ್ಯಾವ್ ಎಂಬುದನ್ನೂ ಅಂಟಿಸಿ ಪೂರ್ಣ ವಾಕ್ಯವಾಗಿಯೇ ಹೇಳುವ ರೂಢಿ ಮಾಡಿಕೊಂಡರೆ ಈ ತಡೆ ಇರುವುದಿಲ್ಲ. ರಾತ್ರಿ ಮಲಗುವ ಮುನ್ನ ಹಗಲಿನಲ್ಲಿ ನಡೆದದ್ದನ್ನು ಐದು ನಿಮಿಷ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದಕ್ಕಿಂತ ಉತ್ತಮ ಅಭ್ಯಾಸ ನನಗೆ ಕಂಡಿಲ್ಲ. ಎದ್ದದ್ದು, ಹೋದದ್ದು, ಕಂಡದ್ದು, ಕೊಂಡದ್ದು, ತಿಂದದ್ದು, ಮಾತನಾಡಿದ್ದು, ಮರೆತದ್ದು ಇವೆಲ್ಲಕ್ಕೂ ಅನಿಯಮಿತ ಕ್ರಿಯಾಪದಗಳೇ ಬೇಕು. ಪುಟವನ್ನು ಮತ್ತೆ ಮತ್ತೆ ಓದುವುದರ ಬದಲು ಮುಚ್ಚಿಟ್ಟು ನೆನಪಿಸಿಕೊಳ್ಳಿ, ತಪ್ಪಿದವನ್ನು ಮಾತ್ರ ಗುರುತು ಮಾಡಿ ಮರುದಿನ, ಆಮೇಲೆ ಒಂದು ವಾರದ ನಂತರ ಮತ್ತೆ ಕೇಳಿಕೊಳ್ಳಿ. ಬಿಡುವು ಕೊಟ್ಟು ಮಾಡಿದ ಅಭ್ಯಾಸ ಒಂದೇ ಉಸಿರಿನ ಅಭ್ಯಾಸಕ್ಕಿಂತ ಹೆಚ್ಚು ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ದಾಖಲಿಸಿದ್ದಾನೆ.

ರೂಪಗಳು ಬಾಯಿಪಾಠವಾದ ಮೇಲೂ ಉಳಿಯುವ ತಪ್ಪೊಂದಿದೆ. ಐ ಡಿಡ್ ನಾಟ್ ವೆಂಟ್ ಎಂಬ ವಾಕ್ಯವನ್ನು ನೀವು ಕೇಳಿರುತ್ತೀರಿ. ಡಿಡ್ ಬಂದೊಡನೆ ಭೂತಕಾಲದ ಹೊರೆಯನ್ನು ಅದೇ ಹೊತ್ತುಕೊಳ್ಳುವುದರಿಂದ ಮುಂದಿನ ಕ್ರಿಯಾಪದ ಮೂಲ ರೂಪಕ್ಕೆ ಮರಳಬೇಕು: ಐ ಡಿಡ್ ನಾಟ್ ಗೋ. ಇದು ಕನ್ನಡಿಗರಿಗೆ ಹೊಸದಾಗಬಾರದು. ಬಂದೆ ಎನ್ನುವ ನಾವು ನಿಷೇಧದಲ್ಲಿ ಬರಲಿಲ್ಲ ಎನ್ನುತ್ತೇವೆ. ಬಂದ ಎಂಬ ರೂಪ ಅಲ್ಲಿ ಮಾಯವಾಗಿ ಬರು ಎಂಬ ಮೂಲವೇ ಬರುತ್ತದೆ. ಪ್ರಶ್ನೆಯಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ. ಬಂದೆಯಾ ಎಂದು ನಾವು ಭೂತರೂಪವನ್ನೇ ಉಳಿಸಿಕೊಂಡು ಕೇಳುತ್ತೇವೆ, ಇಂಗ್ಲಿಷ್ ಡಿಡ್ ಯು ಕಮ್ ಎಂದು ಕೇಳುತ್ತದೆ. ಹಾಗಾಗಿ ಪ್ರಶ್ನಾರ್ಥಕ ವಾಕ್ಯಗಳಿಗೆ ಅಭ್ಯಾಸದಲ್ಲಿ ಹೆಚ್ಚು ಪಾಲು ಕೊಡಬೇಕು. ಎರಡನೆಯ ಮತ್ತು ಮೂರನೆಯ ರೂಪಗಳ ವ್ಯತ್ಯಾಸಕ್ಕೂ ನಮ್ಮಲ್ಲೇ ಒಂದು ಸಾಮ್ಯವಿದೆ: ಹೋದೆ ಎಂಬುದು ವೆಂಟ್ ಆದರೆ, ಹೋಗಿದ್ದೇನೆ ಎಂಬುದು ಹ್ಯಾವ್ ಗಾನ್. ಹೋದಿದ್ದೇನೆ ಎಂದು ನಾವು ಹೇಗೆ ಹೇಳುವುದಿಲ್ಲವೋ ಹಾಗೆಯೇ ಹ್ಯಾವ್ ವೆಂಟ್ ಎಂದೂ ಹೇಳಬಾರದು.

ಮಲಗುವುದಕ್ಕೆ ಲೈ, ಲೇ, ಲೇನ್. ಇಡುವುದಕ್ಕೆ ಲೇ, ಲೇಡ್, ಲೇಡ್. ಸುಳ್ಳು ಹೇಳುವುದಕ್ಕೆ ಲೈ, ಲೈಡ್, ಲೈಡ್. ಇಂಗ್ಲಿಷ್ ಮಾತೃಭಾಷೆಯವರೇ ಎಡವುವ ಜಾಗ ಇದು, ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ಲರ್ನ್ಟ್ ಎಂಬುದು ಬ್ರಿಟನ್ನಿನಲ್ಲಿ ಹೆಚ್ಚು ಕೇಳಿಬರುವ ರೂಪ, ಲರ್ನ್ಡ್ ಅಮೆರಿಕದ ರೂಢಿ. ಗೆಟ್ ಪದದ ಮೂರನೆಯ ರೂಪವಾಗಿ ಗಾಟನ್ ಎಂದು ಅಮೆರಿಕನ್ನರು ಹೇಳಿದರೆ ಅದೂ ತಪ್ಪಲ್ಲ. ಒಂದು ಬರಹದಲ್ಲಿ ಒಂದೇ ರೂಪಕ್ಕೆ ಅಂಟಿಕೊಂಡರೆ ಸಾಕು. ಇನ್ನು ಸ್ಮೈಟ್, ಫಾರ್ಸೇಕ್, ಸ್ಲೇ ಮೊದಲಾದವು ಹಳೆಯ ಕಾವ್ಯದಲ್ಲೋ ಧರ್ಮಗ್ರಂಥದಲ್ಲೋ ಎದುರಾದಾಗ ಗುರುತು ಸಿಕ್ಕರೆ ಸಾಲುತ್ತದೆ. ಗೆಟ್, ಗಿವ್, ಟೇಕ್ ಪದಗಳ ರೂಪಗಳು ತಡವಿಲ್ಲದೆ ನಾಲಗೆಗೆ ಬರುವವರೆಗೆ ಅವುಗಳ ಸರದಿ ಕಾಯಬಹುದು. ನಮಸ್ಕಾರ.